ಲಿನಕ್ಸ್ ಹಾಕುವ ಮುನ್ನ ಡಿಸ್ಕ್ ಲೆಕ್ಕ: ಯಾವ ಪಾರ್ಟಿಷನ್‌ಗೆ ಎಷ್ಟು ಜಾಗ, ಯಾವ ಕ್ರಮದಲ್ಲಿ

ಲಿನಕ್ಸ್ ಹಾಕಿ ಆರೇಳು ತಿಂಗಳಾಗಿರುತ್ತದೆ. ಒಂದು ದಿನ ಅಪ್‌ಡೇಟ್ ಅರ್ಧಕ್ಕೆ ನಿಂತು, ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಸಂದೇಶ ಬರುತ್ತದೆ. ನೋಡಿದರೆ /ಹೋಮ್‌ನಲ್ಲಿ ಇನ್ನೂ ನೂರು ಜಿಬಿ ಖಾಲಿ ಬಿದ್ದಿರುತ್ತದೆ, ತುಂಬಿರುವುದು ರೂಟ್ ಮಾತ್ರ. (ಪಾರ್ಟಿಷನ್ ಎಂದರೆ ಡಿಸ್ಕ್‌ನ ಒಂದು ಭಾಗ. ರೂಟ್‌ನಲ್ಲಿ ಸಿಸ್ಟಮ್ ಇರುತ್ತದೆ, /ಹೋಮ್‌ನಲ್ಲಿ ನಿಮ್ಮ ಫೈಲ್‌ಗಳು.) ಮತ್ತೆ ಮತ್ತೆ ಕೇಳಿಬರುವ ತೊಂದರೆ ಇದೇ. ಇನ್‌ಸ್ಟಾಲರ್ ತೆರೆದು ಕೂತ ಮೇಲೆ, ಎಲ್ಲೋ ಓದಿದ್ದ ‘ರೂಟ್‌ಗೆ 20 ಜಿಬಿ ಸಾಕು’ ಎಂಬ ಹಳೆಯ ಸಾಲನ್ನು ನಂಬಿ ಅಳತೆ ಕೊಟ್ಟರೆ ಹೀಗಾಗುತ್ತದೆ. ಇಲ್ಲಿ ಹೇಳಿರುವ ಕ್ರಮ ಬೇರೆ. ನಿಮ್ಮ ಕೆಲಸದಲ್ಲಿ ಯಾವ ಫೋಲ್ಡರ್ ಬೆಳೆಯುತ್ತದೆ ಎಂದು ಮೊದಲು ಗುರುತಿಸಿ, ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲಷ್ಟೇ ಡಿಸ್ಕ್‌ಗೆ ಕೈ ಹಾಕಿ.

ಉದಾಹರಣೆಗಳು ಲಿನಕ್ಸ್‌ನ ಬಗೆಗಳಾದ (ಡಿಸ್ಟ್ರೊ) ಉಬುಂಟು, ಮಿಂಟ್, ಡೆಬಿಯನ್ ಕುಟುಂಬಕ್ಕೆ ಸೇರಿದವು. ಫೆಡೋರಾಗೆ ವ್ಯತ್ಯಾಸ ಇರುವ ಕಡೆ ಅಲ್ಲಲ್ಲೇ ಹೇಳಿದೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಒಂದು, ಅದರಲ್ಲಿ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಬೂಟ್ ಆಗುವ ಲಿನಕ್ಸ್. ಬ್ಯಾಕಪ್‌ಗೆ ಬೇರೆ ಎಕ್ಸ್‌ಟರ್ನಲ್ ಡಿಸ್ಕ್. ಇವೆರಡನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಮುಗಿಸಲು ಹೋಗಬೇಡಿ, ಇನ್‌ಸ್ಟಾಲರ್ ಬರೆಯುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಹೊಸ ಎಸ್‌ಎಸ್‌ಡಿ ತರುವ ಯೋಚನೆ ಇದ್ದರೆ ಈಗಲೇ ತನ್ನಿ. ಅದು ಬಂದ ಮೇಲೆ ಲೆಕ್ಕವೇ ಬದಲಾಗುತ್ತದೆ. ವಿಂಡೋಸ್ ಹಳೆಯ ಡಿಸ್ಕ್‌ನಲ್ಲಿ, ಲಿನಕ್ಸ್ ಹೊಸದರಲ್ಲಿ ಎಂದಾದರೆ ಕೆಳಗಿನ ಅರ್ಧ ಅಪಾಯ ತಾನಾಗಿಯೇ ದೂರವಾಗುತ್ತದೆ.

ಕರೆಂಟ್ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಮಳೆ ಗಾಳಿ ಶುರುವಾದರೆ ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು. ಪಾರ್ಟಿಷನ್ ಕುಗ್ಗಿಸುವ ಅಥವಾ ಸರಿಸುವ ಕೆಲಸ ನಡುವೆ ನಿಂತರೆ ಅದರಲ್ಲಿನ ಡೇಟಾ ಹಾಳಾಗುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಸಿಕ್ಕಿಸಿಯೇ ಇಟ್ಟು ಶುರು ಮಾಡಿ.

ಹಂತ 1: ಡಿಸ್ಕ್‌ನ ನಿಜವಾದ ಅಳತೆ ಬರೆದುಕೊಳ್ಳಿ

ಡಬ್ಬದ ಮೇಲಿನ ಜಿಬಿ ಸಾವಿರದ ಲೆಕ್ಕದ್ದು. ವಿಂಡೋಸ್ ಮತ್ತು ಜಿಪಾರ್ಟೆಡ್ (ಲಿನಕ್ಸ್‌ನಲ್ಲಿ ಪಾರ್ಟಿಷನ್ ಮಾಡುವ ಆ್ಯಪ್) ತೋರಿಸುವುದು 1024ರ ಲೆಕ್ಕದ್ದು. ಹಾಗಾಗಿ 256 ಜಿಬಿಯ ಡಿಸ್ಕ್ ಕೈಗೆ ಸಿಗುವಾಗ 238, 512 ಜಿಬಿಯದು ಸುಮಾರು 476, 1 ಟಿಬಿಯದು 931 ಆಗಿರುತ್ತದೆ. ಕೆಲವು ಇನ್‌ಸ್ಟಾಲರ್‌ಗಳು ಸಾವಿರದ ಲೆಕ್ಕದಲ್ಲೇ ಅಂಕಿ ಕೇಳುತ್ತವೆ. ನೀವು 100 ಎಂದು ಕೊಟ್ಟದ್ದು ಆಮೇಲೆ 93 ಎಂದು ಕಾಣುವುದು ಇದರಿಂದಲೇ, ಜಾಗ ಎಲ್ಲೂ ಹೋಗಿರುವುದಿಲ್ಲ. ಇಲ್ಲಿನ ಹಂಚಿಕೆಯ ಅಂಕಿಗಳೆಲ್ಲ 1024ರ ಲೆಕ್ಕದವು.

ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ಈಗಿರುವ ಪಾರ್ಟಿಷನ್‌ಗಳನ್ನು ನೋಡಿ. ಆ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ‘ಸುಡೊ ಎಸ್‌ಎಫ್‌ಡಿಸ್ಕ್ -ಡಿ’ ಆಜ್ಞೆಗೆ ಡಿಸ್ಕ್‌ನ ಹೆಸರು ಕೊಟ್ಟರೆ ಪಾರ್ಟಿಷನ್ ಟೇಬಲ್ (ಯಾವ ಪಾರ್ಟಿಷನ್ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ) ಪೂರ್ತಿ ಅಕ್ಷರರೂಪದಲ್ಲಿ ಬರುತ್ತದೆ. ಅದನ್ನೂ ಒಂದು ಫೈಲ್‌ಗೆ ಬರೆಸಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿಡಿ. ಕೈತಪ್ಪಿ ಪಾರ್ಟಿಷನ್ ಅಳಿಸಿದರೂ, ಅದರ ಮೇಲೆ ಬೇರೇನೂ ಬರೆಯದಿದ್ದರೆ, ಈ ಚಿಕ್ಕ ಫೈಲ್‌ನಿಂದ ಗಡಿಗಳನ್ನು ಮತ್ತೆ ಹಾಕಬಹುದು.

ಇಲ್ಲಿ ಎಸ್‌ಎಸ್‌ಡಿ ಕಾಣಿಸದೆ ಪೆನ್‌ಡ್ರೈವ್ ಒಂದೇ ಕಾಣಿಸಿದರೆ ಡಿಸ್ಕ್ ಕೆಟ್ಟಿದೆ ಎಂದು ಹೆದರಬೇಡಿ. ಇಂಟೆಲ್ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಸೆಟ್ಟಿಂಗ್ ಆನ್ ಆಗಿರುತ್ತದೆ, ಡಿಸ್ಕ್ ಅದರ ಹಿಂದೆ ಅಡಗಿರುತ್ತದೆ. ಬಯಾಸ್‌ಗೆ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ಅದನ್ನು ಆಫ್ ಮಾಡಿ ಎಎಚ್‌ಸಿಐ ಎಂಬ ಮಾಮೂಲಿ ಮೋಡ್‌ಗೆ ತರಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ವಿಂಡೋಸ್‌ನಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ. ರೀಸ್ಟಾರ್ಟ್ ಮಾಡುತ್ತಲೇ ಬಯಾಸ್‌ನಲ್ಲಿ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಟಿಕ್ ತೆಗೆಯಿರಿ. ಈ ಕೆಲಸಕ್ಕೂ ಮೊದಲು ಹಂತ 9ರಲ್ಲಿರುವ ಬಿಟ್‌ಲಾಕರ್ ಭಾಗ ಓದಿಕೊಳ್ಳಿ.

ಹಂತ 2: ಯುಇಎಫ್‌ಐಯೋ, ಹಳೆಯ ಬಯಾಸೋ

ಯಂತ್ರ ಬೂಟ್ ಆಗುವ ರೀತಿ ಎರಡು: ಹೊಸದು ಯುಇಎಫ್‌ಐ, ಹಳೆಯದು ಬಯಾಸ್. ಲೈವ್ ಸಿಸ್ಟಮ್‌ನಲ್ಲಿ /ಸಿಸ್/ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ನೀವು ಯುಇಎಫ್‌ಐ ಮೋಡ್‌ನಲ್ಲಿದ್ದೀರಿ. ಇಲ್ಲದಿದ್ದರೆ ಹಳೆಯ ಮೋಡ್. ವಿಂಡೋಸ್ ಯಾವ ಮೋಡ್‌ನಲ್ಲಿ ಏಳುತ್ತದೋ ಅದೇ ಮೋಡ್‌ನಲ್ಲೇ ಪೆನ್‌ಡ್ರೈವ್ ಕೂಡ ಏಳಬೇಕು. ಇಲ್ಲದಿದ್ದರೆ ಇನ್‌ಸ್ಟಾಲ್ ಸರಿಯಾಗಿಯೇ ಮುಗಿದಂತೆ ಕಾಣುತ್ತದೆ, ಬೂಟ್ ಮೆನುವಿನಲ್ಲಿ ಎರಡರಲ್ಲಿ ಒಂದು ಮಾಯವಾಗಿರುತ್ತದೆ.

ಯುಇಎಫ್‌ಐ ಜೊತೆ ಪಾರ್ಟಿಷನ್ ಟೇಬಲ್ ಜಿಪಿಟಿ ಎಂಬ ಹೊಸ ಬಗೆಯದಿರಲಿ. ಹಳೆಯ ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್, 2 ಟಿಬಿ ದಾಟಿದ ಜಾಗ ಕಾಣುವುದಿಲ್ಲ. ಹಳೆಯ ಬಯಾಸ್ ಯಂತ್ರದಲ್ಲಿ ಜಿಪಿಟಿ ಹಾಕುವುದಾದರೆ ಗ್ರಬ್‌ಗೆಂದು (ಲಿನಕ್ಸ್ ಎಬ್ಬಿಸುವ ಬೂಟ್ ಪ್ರೋಗ್ರಾಂ) 1 ಎಂಬಿಯ, ಫಾರ್ಮ್ಯಾಟ್ ಇಲ್ಲದ ‘ಬಯಾಸ್ ಬೂಟ್’ ಪಾರ್ಟಿಷನ್ ಮಾಡಬೇಕು. ಇದನ್ನು ಮರೆತವರಿಗೆ ಕೊನೆಯ ಗಳಿಗೆಯಲ್ಲಿ ಗ್ರಬ್ ಹಾಕಲಾಗಲಿಲ್ಲ ಎಂಬ ಸಂದೇಶ ಬರುತ್ತದೆ.

ಹಂತ 3: ಬೆಳೆಯುವ ಫೋಲ್ಡರ್ ಯಾವುದು ಎಂದು ಗುರುತಿಸಿ

ಅಳತೆ ತೀರ್ಮಾನವಾಗುವುದು ಇಲ್ಲೇ. ಬೇರೆಯವರ ಹಂಚಿಕೆಯನ್ನು ನಕಲು ಮಾಡಿದರೆ ಕೆಲಸಕ್ಕೆ ಬಾರದಿರುವುದೂ ಇದಕ್ಕೇ, ಅವರಲ್ಲಿ ಬೆಳೆಯುವ ಫೋಲ್ಡರ್ ಬೇರೆ, ನಿಮ್ಮಲ್ಲಿ ಬೇರೆ.

ರೂಟ್ ಒಳಗೆ ಬೆಳೆಯುವವು: ಡಾಕರ್‌ನ (ಆ್ಯಪ್‌ಗಳನ್ನು ಬೇಕಾದ ಸಾಮಗ್ರಿ ಸಮೇತ ಪೊಟ್ಟಣವಾಗಿ ಓಡಿಸುವ ಸಾಧನ) ಇಮೇಜ್‌ಗಳು /ವಾರ್/ಲಿಬ್/ಡಾಕರ್‌ನಲ್ಲಿ, ಹೊಸ ಆವೃತ್ತಿಗಳಲ್ಲಿ /ವಾರ್/ಲಿಬ್/ಕಂಟೇನರ್‌ಡಿಯಲ್ಲಿ ಕೂರುತ್ತವೆ. ಆ್ಯಪ್ ಹಾಕುವ ಇನ್ನೆರಡು ವಿಧಾನಗಳಲ್ಲಿ, ಸ್ನ್ಯಾಪ್ ಪ್ಯಾಕೇಜುಗಳು /ವಾರ್/ಲಿಬ್/ಸ್ನ್ಯಾಪ್‌ಡಿ ಒಳಗೆ, ಫ್ಲಾಟ್‌ಪ್ಯಾಕ್‌ಗಳು /ವಾರ್/ಲಿಬ್/ಫ್ಲಾಟ್‌ಪ್ಯಾಕ್ ಒಳಗೆ. ಸ್ನ್ಯಾಪ್ ಪ್ರತಿ ಆ್ಯಪ್‌ನ ಹಳೆಯ ಆವೃತ್ತಿಯನ್ನೂ ಉಳಿಸಿಕೊಳ್ಳುತ್ತದೆ. ಎಪಿಟಿ (ಪ್ಯಾಕೇಜು ಹಾಕುವ ಆಜ್ಞೆ) ಇಳಿಸಿಕೊಂಡ ಪ್ಯಾಕೇಜುಗಳು /ವಾರ್/ಕ್ಯಾಶ್‌ನಲ್ಲಿ ಉಳಿಯಬಹುದು. ಸಿಸ್ಟಮ್‌ಡಿಯ ಜರ್ನಲ್ (ಸಿಸ್ಟಮ್‌ನ ಆಗುಹೋಗುಗಳ ದಾಖಲೆ) ಸುಮ್ಮನೆ ಬಿಟ್ಟರೆ ಆ ಪಾರ್ಟಿಷನ್‌ನ ಶೇ 10ರಷ್ಟು, ಗರಿಷ್ಠ 4 ಜಿಬಿ ತನಕ ಹೋಗುತ್ತದೆ. ಎನ್ವಿಡಿಯಾದ ಸಿಯುಡಿಎ (ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಲೆಕ್ಕ ಮಾಡಿಸುವ ಸಾಧನ) ಹಾಕಿದರೆ /ಯುಎಸ್‌ಆರ್/ಲೋಕಲ್‌ನಲ್ಲಿ ಹಲವು ಜಿಬಿ. ಮಿಂಟ್ ಬಳಸುವವರಿಗೆ ಸಿಸ್ಟಮ್‌ನ ನಕಲು ತೆಗೆದಿಡುವ ಟೈಮ್‌ಶಿಫ್ಟ್ ಬೇರೆ ಇದೆ. ಆರ್‌ಸಿಂಕ್ ವಿಧಾನದಲ್ಲಿ ಅದರ ಮೊದಲ ಸ್ನ್ಯಾಪ್‌ಶಾಟ್ ನಿಮ್ಮ ಇಡೀ ಸಿಸ್ಟಮ್‌ನಷ್ಟೇ ದೊಡ್ಡದಾಗಿರುತ್ತದೆ, ಸುಮ್ಮನೆ ಬಿಟ್ಟರೆ ರೂಟ್‌ನಲ್ಲೇ ಕೂರುತ್ತದೆ.

/ಹೋಮ್ ಒಳಗೆ ಬೆಳೆಯುವವು: ಫೋಟೊ, ವಿಡಿಯೊ, ಡೌನ್‌ಲೋಡ್ ಎಲ್ಲರಿಗೂ ಗೊತ್ತು. ಗೊತ್ತಾಗದೆ ಬೆಳೆಯುವುದು ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು. ಆಂಡ್ರಾಯ್ಡ್ ಸ್ಟುಡಿಯೊದ ಎಸ್‌ಡಿಕೆ, ಎಮ್ಯುಲೇಟರ್ ಇಮೇಜ್‌ಗಳು, ಗ್ರೇಡಲ್‌ನ ಕ್ಯಾಶ್ ಇವೆಲ್ಲ ಹೋಮ್‌ನಲ್ಲೇ. ಪೈಥಾನ್‌ನ ಕೊಂಡಾ ಪರಿಸರಗಳು, ಪಿಪ್‌ನ ಕ್ಯಾಶ್, ಮಷಿನ್ ಲರ್ನಿಂಗ್ ಮಾಡೆಲ್‌ಗಳೂ ಅಲ್ಲೇ. ವರ್ಚುವಲ್‌ಬಾಕ್ಸ್‌ನ ಯಂತ್ರಗಳೂ ಹೋಮ್‌ನಲ್ಲೇ ಇರುತ್ತವೆ.

ಈಗಾಗಲೇ ಲಿನಕ್ಸ್ ಇದ್ದು ಮತ್ತೆ ಹಾಕುತ್ತಿದ್ದರೆ ಊಹೆ ಬೇಡ. ‘ಸುಡೊ ಎನ್‌ಸಿಡಿಯು -ಎಕ್ಸ್ /’ ಓಡಿಸಿ. ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಬರುತ್ತದೆ. /ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಅದಕ್ಕೂ ಒಮ್ಮೆ ಓಡಿಸಿ. ಮೊದಲ ಐದು ಸಾಲು ಬರೆದುಕೊಂಡರೆ ಸಾಕು.

ಕನ್ನಡಕ್ಕೆಂದು ಪ್ರತ್ಯೇಕ ಜಾಗ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು, ಐಬಸ್ ಕೀಬೋರ್ಡ್ ಎಲ್ಲ ಸೇರಿದರೂ ಕೆಲವೇ ಎಂಬಿ.

ಹಂತ 4: ರೂಟ್‌ನ ಅಳತೆ

ಉಬುಂಟು 24.04 ಡೆಸ್ಕ್‌ಟಾಪ್‌ಗೆ ಕನಿಷ್ಠ 25 ಜಿಬಿ ಬೇಕು ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಮಿಂಟ್ 20 ಜಿಬಿ ಕನಿಷ್ಠ ಎಂದರೂ 100 ಜಿಬಿ ಇದ್ದರೆ ಒಳ್ಳೆಯದು ಎನ್ನುತ್ತದೆ. ಕನಿಷ್ಠ ಎಂದರೆ ಇನ್‌ಸ್ಟಾಲ್ ಆಗುತ್ತದೆ ಎಂದಷ್ಟೇ ಅರ್ಥ, ಎರಡು ವರ್ಷ ನೆಮ್ಮದಿಯಾಗಿ ನಡೆಯುತ್ತದೆ ಎಂದಲ್ಲ.

ಲೆಕ್ಕ ಹೀಗೆ ಮಾಡಿ. ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ಮೂಲ ಸಿಸ್ಟಮ್ 15 ಜಿಬಿ. ಆಫೀಸ್, ಎಡಿಟರ್, ಲೇಟೆಕ್, ಕಂಪೈಲರ್‌ಗಳು 10. ಸ್ನ್ಯಾಪ್ ಮತ್ತು ಫ್ಲಾಟ್‌ಪ್ಯಾಕ್ 10. ಡಾಕರ್ 25. ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) 8. ಒಟ್ಟು 68. ಇದು ರೂಟ್‌ನ ಶೇ 70ಕ್ಕಿಂತ ಹೆಚ್ಚಾಗಬಾರದು ಎಂದಿಟ್ಟುಕೊಳ್ಳಿ. 68ನ್ನು 0.7ರಿಂದ ಭಾಗಿಸಿದರೆ 97. ದುಂಡಗೆ 100 ಜಿಬಿ.

ಆ ಶೇ 30 ಖಾಲಿ ಬಿಡುವುದು ದಂಡ ಅಲ್ಲ. ಉಬುಂಟುವಿನ ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೋಗುವಾಗ ಹೊಸ ಪ್ಯಾಕೇಜುಗಳೆಲ್ಲ ಮೊದಲು ರೂಟ್‌ನಲ್ಲೇ ಬಂದಿಳಿದು, ಆಮೇಲೆ ಬಿಚ್ಚಿಕೊಳ್ಳುತ್ತವೆ. ಹಲವು ಜಿಬಿ ಖಾಲಿ ಇಲ್ಲದಿದ್ದರೆ ಅಪ್‌ಗ್ರೇಡ್ ಶುರುವಾಗುವುದೇ ಇಲ್ಲ. ಅದೂ ಅಲ್ಲದೆ ಎಸ್‌ಎಸ್‌ಡಿ ತುದಿಯವರೆಗೆ ತುಂಬಿದಷ್ಟೂ ಬರೆಯುವ ವೇಗ ಕುಸಿಯುತ್ತದೆ.

ಡಾಕರ್ ಇಲ್ಲ, ಬ್ರೌಸರ್, ಆಫೀಸ್, ಡಿಟಿಪಿ ಕೆಲಸ ಅಷ್ಟೇ ಎಂದರೆ 50ರಿಂದ 60 ಜಿಬಿ ಸಾಕು. ಟೈಮ್‌ಶಿಫ್ಟ್ ರೂಟ್‌ನಲ್ಲೇ ಇಡುವುದಾದರೆ ಮೂಲ ಸಿಸ್ಟಮ್ ಮತ್ತು ಆ್ಯಪ್‌ಗಳ ಮೊತ್ತವನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯಿರಿ. ಕಂಪನಿ ಕೆಲಸಕ್ಕೆ ದಿನವಿಡೀ ಡಾಕರ್ ಇಮೇಜ್ ಕಟ್ಟುವವರು ರೂಟ್ ಹಿಗ್ಗಿಸುವ ಬದಲು ಇಮೇಜ್‌ಗಳು ಕೂರುವ ಆ ಫೋಲ್ಡರ್‌ಗೇ ಬೇರೆ ಪಾರ್ಟಿಷನ್ ಕೊಡಲಿ. ಅದು ತುಂಬಿದರೆ ಡಾಕರ್ ಮಾತ್ರ ನಿಲ್ಲುತ್ತದೆ, ಲ್ಯಾಪ್‌ಟಾಪ್ ನಡೆಯುತ್ತಿರುತ್ತದೆ.

/ಯುಎಸ್‌ಆರ್, /ವಾರ್, /ಟಿಎಂಪಿ ಒಂದೊಂದಕ್ಕೂ ಬೇರೆ ಪಾರ್ಟಿಷನ್ ಮಾಡುವ ಹಳೆಯ ಪದ್ಧತಿಯನ್ನು ಮನೆಯ ಯಂತ್ರಕ್ಕೆ ತರಬೇಡಿ. ಐದು ಕಡೆ ಚೂರು ಚೂರು ಖಾಲಿ ಉಳಿದು, ಬೇಕಾದ ಕಡೆ ಜಾಗ ಇಲ್ಲದಂತಾಗುತ್ತದೆ.

ಹಂತ 5: ಸ್ವಾಪ್

ಮೊದಲ ಪ್ರಶ್ನೆ ಒಂದೇ: ಹೈಬರ್ನೇಟ್ ಬೇಕೇ? ಅಂದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿ, ಆನ್ ಮಾಡಿದಾಗ ತೆರೆದಿದ್ದ ಕಿಟಕಿಗಳೆಲ್ಲ ಹಾಗೇ ಬರಬೇಕೇ? ಮುಚ್ಚಳ ಮುಚ್ಚಿದಾಗ ಮಲಗುವುದು ಸಸ್ಪೆಂಡ್, ಅದಕ್ಕೆ ಸ್ವಾಪ್ ಬೇಡ.

ಹೈಬರ್ನೇಟ್ ಬೇಡ ಎಂದರೆ ಪ್ರತ್ಯೇಕ ಸ್ವಾಪ್ ಪಾರ್ಟಿಷನ್ ಮಾಡಬೇಡಿ. ಉಬುಂಟು ತಾನೇ ರೂಟ್‌ನಲ್ಲಿ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಫೆಡೋರಾ 33ರಿಂದ ಜಡ್‌ರ‍್ಯಾಮ್ ಬಳಸುತ್ತದೆ, ಅದು ರ‍್ಯಾಮ್‌ನಲ್ಲೇ ಸಂಕುಚಿಸಿ ಇಡುವುದರಿಂದ ಡಿಸ್ಕ್ ಮುಟ್ಟುವುದೇ ಇಲ್ಲ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರವಿರಲಿ, 8 ಅಥವಾ 16 ಮತ್ತು ಮೇಲಿನದಿರಲಿ, 4ರಿಂದ 8 ಜಿಬಿ ಫೈಲ್ ಧಾರಾಳ. ಫೈಲ್ ಆದ್ದರಿಂದ ನಾಳೆ ದೊಡ್ಡದು ಮಾಡಬೇಕೆಂದರೆ ಐದು ನಿಮಿಷದ ಕೆಲಸ. ‘ರ‍್ಯಾಮ್‌ನ ಎರಡರಷ್ಟು’ ಎಂಬ ಹಳೆಯ ಸೂತ್ರವನ್ನು ಹಿಡಿದು 32 ಜಿಬಿ ರ‍್ಯಾಮ್‌ಗೆ 64 ಜಿಬಿ ಸ್ವಾಪ್ ಕೊಟ್ಟರೆ 256 ಜಿಬಿ ಡಿಸ್ಕ್‌ನ ಕಾಲು ಭಾಗ ಸುಮ್ಮನೆ ಹೋಗುತ್ತದೆ.

ಹೈಬರ್ನೇಟ್ ಬೇಕು ಎಂದರೆ ಪ್ರತ್ಯೇಕ ಪಾರ್ಟಿಷನ್ ಮಾಡಿ. ಅಳತೆ ರ‍್ಯಾಮ್‌ಗಿಂತ ಕಾಲುಪಾಲು ಹೆಚ್ಚು: 8ಕ್ಕೆ 10, 16ಕ್ಕೆ 20, 32ಕ್ಕೆ 40 ಜಿಬಿ. ಮುಂದೆ ರ‍್ಯಾಮ್ ಹೆಚ್ಚಿಸುವ ಆಲೋಚನೆ ಇದ್ದರೆ ಆಗಿನ ರ‍್ಯಾಮ್‌ಗೆ ಲೆಕ್ಕ ಹಾಕಿ. ಒಂದು ಎಚ್ಚರಿಕೆ: ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ಏಳದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಉಬುಂಟು, ಫೆಡೋರಾ ಮುಂತಾದವುಗಳ ಕರ್ನಲ್ (ಸಿಸ್ಟಮ್‌ನ ತಿರುಳು) ಹೈಬರ್ನೇಟ್‌ಗೆ ಬಿಡುವುದಿಲ್ಲ. ಸೆಕ್ಯೂರ್ ಬೂಟ್ ಬಿಡಲಾಗದವರು ಈ 20, 40 ಜಿಬಿಯನ್ನು ಸ್ವಾಪ್‌ಗೆ ಕೊಡದೆ ಉಳಿಸಿಕೊಳ್ಳಿ.

ಹಂತ 6: ಇಎಫ್‌ಐ ಮತ್ತು /ಬೂಟ್

ಡಿಸ್ಕ್ ಪೂರ್ತಿ ಲಿನಕ್ಸ್‌ಗೆ ಎಂದಾದರೆ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲ್‌ಗಳ ಜಾಗ) 1 ಜಿಬಿ ಕೊಡಿ, ಫ್ಯಾಟ್32 ಫಾರ್ಮ್ಯಾಟ್. ವಿಂಡೋಸ್ ಈಗಾಗಲೇ ಇದ್ದರೆ ಅದು ಮಾಡಿದ 100 ಎಂಬಿಯ ಇಎಫ್‌ಐ ಇರುತ್ತದೆ. ಗ್ರಬ್ ಬಳಸುವ ಉಬುಂಟು, ಮಿಂಟ್, ಡೆಬಿಯನ್‌ಗೆ ಅದೇ ಸಾಕು, ಅವು ಅಲ್ಲಿಡುವುದು ಕೆಲವೇ ಎಂಬಿ. ಪಾಪ್ ಓಎಸ್ ಹಾಗಲ್ಲ. ಅದು ಕರ್ನಲ್‌ಗಳನ್ನೇ ಅಲ್ಲಿ ಇಡುವುದರಿಂದ 100 ಎಂಬಿಯಲ್ಲಿ ಹಿಡಿಯುವುದಿಲ್ಲ.

ಕರ್ನಲ್‌ಗಳಿರುವ /ಬೂಟ್ ಬೇರೆ ಪಾರ್ಟಿಷನ್ ಆಗಬೇಕಿರುವುದು ಮುಖ್ಯವಾಗಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವವರಿಗೆ. ಅಳತೆ 2 ಜಿಬಿ. 500 ಎಂಬಿ ಕೊಟ್ಟವರೇ ಹೆಚ್ಚು ಒದ್ದಾಡುವುದು. ಪ್ರತಿ ಕರ್ನಲ್ ಬೂಟ್‌ನ ಆರಂಭಕ್ಕೆ ಬೇಕಾದ ತನ್ನ ಇನಿಟ್‌ರ‍್ಯಾಮ್‌ಎಫ್‌ಎಸ್ ಜೊತೆ ಬರುತ್ತದೆ, ಎನ್ವಿಡಿಯಾ ಡ್ರೈವರ್ ಇದ್ದರೆ ಅದು ಇನ್ನೂ ದಪ್ಪ. ಸಿಸ್ಟಮ್ ಕನಿಷ್ಠ ಎರಡು ಕರ್ನಲ್ ಇಟ್ಟುಕೊಂಡೇ ಮೂರನೆಯದನ್ನು ಹಾಕುತ್ತದೆ. ಆ ಮೂರನೆಯದರ ಹೊತ್ತಿಗೆ ಜಾಗ ಮುಗಿಯುತ್ತದೆ.

ಹಂತ 7: /ಹೋಮ್ ಬೇರೆ ಬೇಕೇ

ಸಿಸ್ಟಮ್ ಮತ್ತೆ ಹಾಕುವಾಗ ನಿಮ್ಮ ಫೈಲ್‌ಗಳನ್ನು ಮುಟ್ಟದೆ ಉಳಿಸಿಕೊಳ್ಳಬಹುದು, ಬೇರೆ /ಹೋಮ್‌ನ ಲಾಭ ಅದು. ನಷ್ಟವೆಂದರೆ ನಡುವೆ ಗೋಡೆ ಎದ್ದು, ಒಂದು ಕಡೆಯ ಖಾಲಿ ಜಾಗ ಇನ್ನೊಂದು ಕಡೆಗೆ ಸಿಗುವುದಿಲ್ಲ.

128 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಡಿಸ್ಕ್ ಆದರೆ ಬೇರೆ ಮಾಡಲೇಬೇಡಿ. ಇಎಫ್‌ಐ ಒಂದು, ಉಳಿದದ್ದೆಲ್ಲ ರೂಟ್. 256ರಲ್ಲಿ ಎರಡೂ ನಡೆಯುತ್ತದೆ, ಆಗಾಗ ಡಿಸ್ಟ್ರೊ ಬದಲಿಸುವವರು ಬೇರೆ ಮಾಡಿ. 512 ಮತ್ತು ಮೇಲೆ ಬೇರೆ ಮಾಡುವುದೇ ಒಳ್ಳೆಯದು. ಫೆಡೋರಾ ತನ್ನ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲ್ ಜೋಡಿಸುವ ವಿಧಾನ) ರೂಟ್ ಮತ್ತು ಹೋಮ್‌ಗೆ ಒಂದೇ ಜಾಗವನ್ನು ಹಂಚಿ ಕೊಡುತ್ತದೆ. ಅಲ್ಲಿ ಇನ್‌ಸ್ಟಾಲರ್ ಹೇಳಿದ ಹಂಚಿಕೆಯನ್ನೇ ಒಪ್ಪಿಕೊಳ್ಳಿ.

/ಹೋಮ್ ಬೇರೆ ಇದೆ, ಬ್ಯಾಕಪ್ ಬೇಡ ಎಂದುಕೊಳ್ಳಬೇಡಿ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹಂತ 8: ಸಾಲಿನಲ್ಲಿ ಯಾವುದರ ಪಕ್ಕ ಯಾವುದು

ಅಳತೆಯಷ್ಟೇ ಮುಖ್ಯವಾದದ್ದು ಕ್ರಮ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಪಾರ್ಟಿಷನ್ ಸುಲಭವಾಗಿ ಹಿಗ್ಗುವುದು ತನ್ನ ಬಲಗಡೆ ತಗುಲಿದಂತೆ ಖಾಲಿ ಜಾಗ ಇದ್ದರೆ ಮಾತ್ರ. ಎಡಗಡೆ ಖಾಲಿ ಇದ್ದರೆ ಪಾರ್ಟಿಷನ್‌ನ ಆರಂಭವನ್ನೇ ಸರಿಸಬೇಕು, ಅಂದರೆ ಒಳಗಿರುವ ಎಲ್ಲ ಡೇಟಾ ನಕಲಾಗಬೇಕು. ನೂರಾರು ಜಿಬಿ ಇದ್ದರೆ ಗಂಟೆಗಟ್ಟಲೆ ಕೆಲಸ, ನಡುವೆ ಕರೆಂಟ್ ಹೋದರೆ ಎಲ್ಲ ಹೋಯಿತು.

ಆದ್ದರಿಂದ ರೂಟ್‌ನ ಬಲಕ್ಕೆ ಸ್ವಲ್ಪ ಜಾಗ ಹಂಚದೆ ಖಾಲಿ ಬಿಡಿ, ಅದರಾಚೆ /ಹೋಮ್ ಇಡಿ. ಆ ಖಾಲಿ ಜಾಗ ಕಂಡು ಕೈ ತುರಿಸಿದರೂ ಏನೂ ಮಾಡಬೇಡಿ. ರೂಟ್ ತುಂಬಿದ ದಿನ ಲೈವ್ ಪೆನ್‌ಡ್ರೈವ್‌ನಿಂದ ಜಿಪಾರ್ಟೆಡ್ ತೆರೆದು ಬಲ ಅಂಚನ್ನು ಎಳೆದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಇರಲಿ. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗುವುದಿಲ್ಲ.

ಮೂರು ಹಂಚಿಕೆಗಳು, ಎಡದಿಂದ ಬಲಕ್ಕೆ:

1. ಪಿಜಿಯಲ್ಲಿರುವ ವಿದ್ಯಾರ್ಥಿ, 512 ಜಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, ವಿಂಡೋಸ್ 11 ಉಳಿಯಬೇಕು. ವಿಂಡೋಸ್‌ನ ಇಎಫ್‌ಐ 100 ಎಂಬಿ ಮತ್ತು ಅದರ 16 ಎಂಬಿಯ ಕಾಯ್ದಿಟ್ಟ ಪಾರ್ಟಿಷನ್, ಸಿ ಡ್ರೈವ್ 200 ಜಿಬಿ, ರೂಟ್ 100, ಖಾಲಿ 25, /ಹೋಮ್ 150, ಕೊನೆಯಲ್ಲಿ ವಿಂಡೋಸ್‌ನ ರಿಕವರಿ ಪಾರ್ಟಿಷನ್ 1 ಜಿಬಿಯ ಆಸುಪಾಸು. ಸ್ವಾಪ್ ರೂಟ್ ಒಳಗಿನ ಫೈಲ್.

2. ಮನೆ ಅಥವಾ ಡಿಟಿಪಿ ಅಂಗಡಿ, 256 ಜಿಬಿ, 8 ಜಿಬಿ ರ‍್ಯಾಮ್, ಲಿನಕ್ಸ್ ಮಾತ್ರ. ಇಎಫ್‌ಐ 1, ರೂಟ್ 60, ಖಾಲಿ 17, /ಹೋಮ್ 160.

3. ಕಂಪನಿ ಕೆಲಸದ ಲ್ಯಾಪ್‌ಟಾಪ್, 1 ಟಿಬಿ, 32 ಜಿಬಿ ರ‍್ಯಾಮ್, ಎನ್‌ಕ್ರಿಪ್ಷನ್ ಕಡ್ಡಾಯ, ಹೈಬರ್ನೇಟ್ ಬೇಕು. ಇಎಫ್‌ಐ 1, /ಬೂಟ್ 2, ಉಳಿದದ್ದು ಲಕ್ಸ್ ಎನ್‌ಕ್ರಿಪ್ಷನ್ ಒಳಗೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ). ಅದರೊಳಗೆ ರೂಟ್ 120, ಸ್ವಾಪ್ 40, ಡಾಕರ್ 200, /ಹೋಮ್ 350. ಉಳಿದ ಸುಮಾರು 218 ಜಿಬಿ ಯಾರಿಗೂ ಕೊಡದೆ ಇಡಿ. ಎಲ್‌ವಿಎಂನಲ್ಲಿ ಎಡ, ಬಲದ ಗೊಡವೆ ಇಲ್ಲ. ‘ಎಲ್‌ವಿಎಕ್ಸ್‌ಟೆಂಡ್ -ಆರ್’ ಕೊಟ್ಟರೆ ಸಿಸ್ಟಮ್ ನಡೆಯುತ್ತಿರುವಾಗಲೇ ಬೇಕಾದದ್ದು ಹಿಗ್ಗುತ್ತದೆ. ಇನ್‌ಸ್ಟಾಲರ್‌ನ ಮಾಮೂಲಿ ಎನ್‌ಕ್ರಿಪ್ಷನ್ ಆಯ್ಕೆಗೆ ಈ ಹಂಚಿಕೆ ಗೊತ್ತಿರುವುದಿಲ್ಲ, ಒಳಗಿನ ಅಳತೆಗಳನ್ನು ನೀವೇ ಕೊಡಬೇಕು.

ಹಂತ 9: ವಿಂಡೋಸ್ ಕುಗ್ಗಿಸುವುದು

ಬ್ಯಾಕಪ್ ಆಗಿದೆಯೇ, ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ್ದೀರಾ? ಎರಡಕ್ಕೂ ಹೌದು ಎಂದರೆ ಮುಂದೆ ಬನ್ನಿ.

ಮೊದಲು ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸ್ 11ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಡಿವೈಸ್ ಎನ್‌ಕ್ರಿಪ್ಷನ್ ಮೊದಲಿನಿಂದಲೇ ಆನ್ ಆಗಿರುತ್ತದೆ. ನೀವು ಆನ್ ಮಾಡಿದ ನೆನಪೇ ಇರುವುದಿಲ್ಲ. ಬೂಟ್ ಸೆಟ್ಟಿಂಗ್ ಮುಟ್ಟಿದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀ ತೆಗೆದು ಕಾಗದದ ಮೇಲೆ ಬರೆದಿಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಮುಗಿಯುವ ತನಕ ಕಾಯಿರಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆಯಿರಿ. ಬಿಟ್ಟರೆ ವಿಂಡೋಸ್ ಅರ್ಧ ಮಲಗಿದ ಸ್ಥಿತಿಯಲ್ಲೇ ಆಫ್ ಆಗುತ್ತದೆ. ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನೂ ಬರೆಯಲಾಗುವುದಿಲ್ಲ.

ಈಗ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅದು ಎಂಬಿಯಲ್ಲಿ ಕೇಳುತ್ತದೆ. 275 ಜಿಬಿ ಬೇಕೆಂದರೆ 275 ಗುಣಿಸು 1024, ಅಂದರೆ 281600 ಎಂದು ಬರೆಯಿರಿ. ಅದು ಕೇಳುತ್ತಿರುವುದು ಎಷ್ಟು ತೆಗೆಯಬೇಕು ಎಂದು, ಎಷ್ಟು ಉಳಿಸಬೇಕು ಎಂದಲ್ಲ. ಇಲ್ಲಿ ಅದಲುಬದಲಾಗುವವರು ಬಹಳ.

ಸಿಯಲ್ಲಿ 300 ಜಿಬಿ ಖಾಲಿ ಇದ್ದರೂ 40 ಜಿಬಿ ಮಾತ್ರ ತೆಗೆಯಬಹುದು ಎಂದು ತೋರಿಸಿದರೆ ನಡುವೆ ಸರಿಸಲಾಗದ ಫೈಲ್ ಕೂತಿದೆ ಎಂದರ್ಥ. ಹೈಬರ್ನೇಟ್ ಫೈಲ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಸಾಮಾನ್ಯ ಕಾರಣ. ಅಡ್ಮಿನ್ ಟರ್ಮಿನಲ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ, ಸಿಸ್ಟಮ್ ಪ್ರೊಟೆಕ್ಷನ್ ಮತ್ತು ಪೇಜ್ ಫೈಲ್ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಕುಗ್ಗಿಸಿದ ಮೇಲೆ ಪೇಜ್ ಫೈಲ್ ಮತ್ತು ಪ್ರೊಟೆಕ್ಷನ್ ಎರಡನ್ನೂ ಆನ್ ಮಾಡಿ.

ಕುಗ್ಗಿಸಿ ಬಂದ ಖಾಲಿ ಜಾಗದಲ್ಲಿ ವಿಂಡೋಸ್‌ನಿಂದಲೇ ಹೊಸ ಡ್ರೈವ್ ಮಾಡಬೇಡಿ. ಹಾಗೇ ಬಿಟ್ಟು, ವಿಂಡೋಸ್ ಒಂದೆರಡು ಸಲ ಸರಿಯಾಗಿ ಏಳುತ್ತದೆಯೇ ನೋಡಿ.

ಹಂತ 10: ಇನ್‌ಸ್ಟಾಲರ್‌ನಲ್ಲಿ

ಮ್ಯಾನುಯಲ್ ಇನ್‌ಸ್ಟಾಲೇಷನ್ ಆರಿಸಿ. ಹಳೆಯ ಇನ್‌ಸ್ಟಾಲರ್‌ಗಳಲ್ಲಿ ಇದರ ಹೆಸರು ಸಮ್‌ಥಿಂಗ್ ಎಲ್ಸ್. ಕಾಗದ ಪಕ್ಕದಲ್ಲಿಟ್ಟುಕೊಂಡು ಎಡದಿಂದ ಬಲಕ್ಕೆ ಒಂದೊಂದೇ ಮಾಡಿ. ನಡುವಿನ ಖಾಲಿ ಜಾಗ ಬಿಡುವುದು ಇನ್‌ಸ್ಟಾಲರ್‌ನಲ್ಲಿ ಕಷ್ಟವಾದರೆ ಮೊದಲೇ ಜಿಪಾರ್ಟೆಡ್‌ನಲ್ಲಿ ಮಾಡಿಟ್ಟುಕೊಂಡು, ಇಲ್ಲಿ ಮೌಂಟ್ ಪಾಯಿಂಟ್ (ಆ ಪಾರ್ಟಿಷನ್ ಯಾವ ಫೋಲ್ಡರ್ ಆಗಿ ಕಾಣಬೇಕು ಎಂಬುದು) ಮಾತ್ರ ಕೊಡಿ.

ಅತಿ ದುಬಾರಿ ತಪ್ಪು ಇಲ್ಲೇ ಆಗುವುದು. ವಿಂಡೋಸ್‌ನ ಇಎಫ್‌ಐ ಪಾರ್ಟಿಷನ್ ಅನ್ನು /ಬೂಟ್/ಇಎಫ್‌ಐ ಎಂದು ಬಳಸಿಕೊಳ್ಳಿ, ಆದರೆ ಫಾರ್ಮ್ಯಾಟ್ ಗುರುತು ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ವಿಂಡೋಸ್ ಏಳುವ ಫೈಲ್‌ಗಳೇ ಅಳಿಸಿಹೋಗುತ್ತವೆ. ಹಳೆಯ /ಹೋಮ್ ಉಳಿಸಿಕೊಳ್ಳುವಾಗಲೂ ಅಷ್ಟೇ: ಮೌಂಟ್ ಪಾಯಿಂಟ್ ಕೊಡಿ, ಫಾರ್ಮ್ಯಾಟ್ ಬೇಡ, ಬಳಕೆದಾರರ ಹೆಸರು ಹಳೆಯದೇ ಇರಲಿ.

‘ಈಗ ಇನ್‌ಸ್ಟಾಲ್ ಮಾಡು’ ಒತ್ತಿದಾಗ ಫಾರ್ಮ್ಯಾಟ್ ಆಗುವ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಅದನ್ನು ಸಾಲು ಸಾಲಾಗಿ ಕಾಗದಕ್ಕೆ ಹೋಲಿಸಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಕಂಡರೂ ಹಿಂದಕ್ಕೆ ಹೋಗಿ. ಈ ಪರದೆಯ ತನಕ ಡಿಸ್ಕ್ ಮೇಲೆ ಇನ್ನೂ ಏನೂ ಫಾರ್ಮ್ಯಾಟ್ ಆಗಿರುವುದಿಲ್ಲ.

ಹಂತ 11: ಮೊದಲ ಬೂಟ್ ಆದ ಮೇಲೆ

‘ಡಿಎಫ್ -ಎಚ್’ ಕೊಟ್ಟು ರೂಟ್, /ಹೋಮ್ ನೀವು ಕೊಟ್ಟ ಅಳತೆಯಲ್ಲೇ ಇವೆಯೇ ನೋಡಿ. ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಎಂಬ ಪಟ್ಟಿ) ತಪ್ಪಿದ್ದರೆ ಹೇಳುತ್ತದೆ.

ಇಎಕ್ಸ್‌ಟಿ4 ಪ್ರತಿ ಪಾರ್ಟಿಷನ್‌ನಲ್ಲಿ ಶೇ 5 ಜಾಗವನ್ನು ರೂಟ್ ಬಳಕೆದಾರನಿಗೆಂದು ತೆಗೆದಿಡುತ್ತದೆ. ರೂಟ್ ಪಾರ್ಟಿಷನ್‌ಗೆ ಅದು ಬೇಕು, ಮುಟ್ಟಬೇಡಿ. 150 ಜಿಬಿಯ /ಹೋಮ್‌ನಲ್ಲಿ 7.5 ಜಿಬಿ ಕಾಯ್ದಿಡುವ ಅಗತ್ಯವಿಲ್ಲ. ‘ಸುಡೊ ಟ್ಯೂನ್2ಎಫ್‌ಎಸ್ -ಎಂ 1’ ಆಜ್ಞೆಗೆ /ಹೋಮ್‌ನ ಪಾರ್ಟಿಷನ್ ಹೆಸರು ಕೊಟ್ಟರೆ 6 ಜಿಬಿ ಮರಳಿ ಸಿಗುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ಬರುತ್ತಿದೆ: ರೂಟ್ ಅಥವಾ /ಹೋಮ್ ಪೂರ್ತಿ ತುಂಬಿದಾಗ ಹೀಗಾಗುವುದುಂಟು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ. ‘ಸುಡೊ ಎಪಿಟಿ ಕ್ಲೀನ್’ ಕೊಡಿ, ಜರ್ನಲ್ ಕತ್ತರಿಸಲು ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಕೊಡಿ (ಕೊನೆಯ ಎಂ ಮಾತ್ರ ದೊಡ್ಡ ಅಕ್ಷರ). ಡಾಕರ್ ಇದ್ದರೆ ‘ಡಾಕರ್ ಸಿಸ್ಟಮ್ ಪ್ರೂನ್’. ನಿಂತಿರುವ ಕಂಟೇನರ್‌ಗಳನ್ನೂ ಅದು ತೆಗೆಯುತ್ತದೆ, ಕೇಳುವ ಪ್ರಶ್ನೆ ಓದಿ ಒಪ್ಪಿ.

ಅಪ್‌ಡೇಟ್ ಇನಿಟ್‌ರ‍್ಯಾಮ್‌ಎಫ್‌ಎಸ್ ಹತ್ತಿರ ನಿಲ್ಲುತ್ತಿದೆ: /ಬೂಟ್ ತುಂಬಿದೆ. ‘ಸುಡೊ ಎಪಿಟಿ ಆಟೊರಿಮೂವ್ --ಪರ್ಜ್’ ಕೊಟ್ಟು ಹಳೆಯ ಕರ್ನಲ್ ತೆಗೆಯಿರಿ. /ಬೂಟ್ ಒಳಗಿನ ಫೈಲ್‌ಗಳನ್ನು ಕೈಯಿಂದ ಅಳಿಸಬೇಡಿ, ಈಗ ಓಡುತ್ತಿರುವ ಕರ್ನಲ್ಲೇ ಹೋದರೆ ಮುಂದಿನ ಸಲ ಯಂತ್ರ ಏಳುವುದಿಲ್ಲ.

ಬೂಟ್ ಆಗುವಾಗ ಪ್ರತಿ ಸಲ 90 ಸೆಕೆಂಡ್ ಕಾಯುತ್ತಿದೆ: ಎಫ್‌ಎಸ್‌ಟ್ಯಾಬ್‌ನಲ್ಲಿರುವ ಒಂದು ಪಾರ್ಟಿಷನ್ ಈಗ ಆ ಗುರುತಿನಲ್ಲಿ ಇಲ್ಲ. ಪಕ್ಕದಲ್ಲಿ ಎರಡನೇ ಲಿನಕ್ಸ್ ಹಾಕಿದಾಗ ಅದು ಸ್ವಾಪ್ ಅನ್ನು ಮತ್ತೆ ಫಾರ್ಮ್ಯಾಟ್ ಮಾಡಿ ಅದರ ಗುರುತಿನ ಸಂಖ್ಯೆಯಾದ ಯುಯುಐಡಿ ಬದಲಿಸಿರುತ್ತದೆ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ತೋರಿಸುವ ಹೊಸ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್‌ಗೆ ಹಾಕಿ.

ಜಾಗ ಇದೆ ಎಂದು ‘ಡಿಎಫ್ -ಎಚ್’ ಹೇಳುತ್ತಿದೆ, ಆದರೂ ಫೈಲ್ ಬರೆಯಲಾಗುತ್ತಿಲ್ಲ: ‘ಡಿಎಫ್ -ಐ’ ಕೊಟ್ಟು ನೋಡಿ. ಲಕ್ಷಗಟ್ಟಲೆ ಪುಟ್ಟ ಫೈಲ್‌ಗಳಿಂದ ಐನೋಡ್‌ಗಳು (ಪ್ರತಿ ಫೈಲ್‌ಗೂ ಒಂದರಂತೆ ಬೇಕಾದ ದಾಖಲೆಯ ಸ್ಥಾನ) ಮುಗಿದಿರುತ್ತವೆ. ಇಎಕ್ಸ್‌ಟಿ4ನಲ್ಲಿ ಅವುಗಳ ಪ್ರಮಾಣ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಹಳೆಯ ಕ್ಯಾಶ್ ಮತ್ತು ನೋಡ್ ಮಾಡ್ಯೂಲ್‌ಗಳ ಫೋಲ್ಡರ್ ಅಳಿಸಿದರೆ ಸದ್ಯಕ್ಕೆ ದಾರಿಯಾಗುತ್ತದೆ. ಮತ್ತೆ ಮತ್ತೆ ಆಗುತ್ತಿದ್ದರೆ ಬಲಗಡೆ ಬಿಟ್ಟಿರುವ ಖಾಲಿ ಜಾಗವನ್ನು ರೂಟ್‌ಗೆ ಸೇರಿಸಿ, ಪಾರ್ಟಿಷನ್ ಹಿಗ್ಗಿದಂತೆ ಐನೋಡ್‌ಗಳೂ ಹೆಚ್ಚುತ್ತವೆ.